ಹಡಗು ಕಟ್ಟುವವನ ಸುತ್ತಿಗೆ

ಸ್ಯಾನ್ ಮಟಿಯೋದಲ್ಲಿ ನಮ್ಮ ಪಕ್ಕದ ಅಪಾರ್ಟ್‌ಮೆಂಟಿನಲ್ಲಿ ಮಗಳ ಜೊತೆ ಆರು ತಿಂಗಳಿದ್ದ ಮೇಷ್ಟ್ರು, ಹಾಸನದ ಐಟಿಐಯಲ್ಲಿ ಫಿಟ್ಟರ್ ಕೆಲಸ ಕಲಿಸಿದವರು. ಯಾರನ್ನು ಕಂಡರೂ ಮೊದಲು ಅಂಗೈ ನೋಡುತ್ತಿದ್ದರು. "ಮುಖ ಬಿಡಿ ಸಾರ್, ಕೈ ನೋಡಿ" ಎನ್ನುವುದು ಅವರ ಮಾತು.

ಕೊಲ್ಲಿಯ ದಡದ ಪಾರ್ಕಿನಲ್ಲಿ, ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಹಡಗು ಕಟ್ಟುತ್ತಿದ್ದವನೊಬ್ಬನ ಕಂಚಿನ ಪ್ರತಿಮೆ ನೆಲಮಟ್ಟದಲ್ಲೇ ನಿಂತಿದೆ. ದಿನವೂ ನನ್ನ ಜೊತೆ ವಾಕಿಂಗಿಗೆ ಬಂದರೂ ಮೇಷ್ಟ್ರು ಅದರ ಹೆಸರಿನ ಫಲಕ ಓದಲಿಲ್ಲ. ಸುತ್ತಿಗೆ ಹಿಡಿದ ಕೈಯನ್ನೇ ನೋಡಿ, "ಹಿಡಿತ ಸರ್ಯಾಗಿದೆ ಕಣ್ರೀ" ಎಂದು ತಲೆದೂಗುತ್ತಿದ್ದರು.

ಆಯುಧಪೂಜೆಯ ದಿನ ಬೆಳಿಗ್ಗೆ, ನಾನು ಫೋನ್ ನೋಡಿ ತಲೆಯೆತ್ತುವಷ್ಟರಲ್ಲಿ, ಆ ಸುತ್ತಿಗೆಗೆ ಕುಂಕುಮ ಹಚ್ಚಿ ಚೆಂಡುಹೂವು ಇಟ್ಟುಬಿಟ್ಟಿದ್ದರು. ಆಗಲೇ ಪಾರ್ಕಿನ ಕೆಲಸದಾಕೆ ಟ್ರಕ್ ನಿಲ್ಲಿಸಿ ಇಳಿದಳು. ಮೇಷ್ಟ್ರದು ವಿಸಿಟರ್ ವೀಸಾ. ಪೊಲೀಸರವರೆಗೆ ಹೋದರೆ ಕಷ್ಟ. ಇವತ್ತು ದುಡಿಯುವ ಸಾಮಾನಿಗೆಲ್ಲ ಪೂಜೆ ಎಂದು ಇಂಗ್ಲಿಷಿನಲ್ಲಿ ತಡವರಿಸಿದೆ.

ಒರೆಸಲೇಬೇಕು ಎಂದಳು ಆಕೆ. ಮೇಷ್ಟ್ರು ಹೆಗಲ ಟವೆಲ್ಲಿನಿಂದ ತಾವೇ ಒರೆಸಿದರು, ಕಂಚಿಗೆ ಗೀರು ಬೀಳದ ಹಾಗೆ, ಮೆತ್ತಗೆ. ನೋಡುತ್ತ ನಿಂತವಳು ತನ್ನ ಟ್ರಕ್ಕಿನ ಕಡೆ ತಿರುಗಿ, "ಇದೂ ದುಡಿಯುತ್ತಲ್ಲ?" ಎಂದು ಕೇಳಿದಳು.

ಬಾನೆಟ್ಟಿಗೆ ಕುಂಕುಮ ಬಿತ್ತು. ಆಕೆ ಗ್ಲೌಸು ಬಿಚ್ಚಿ ಹೂವು ಈಸಿಕೊಂಡಳು. ಮೇಷ್ಟ್ರು ಆ ಒರಟು ಅಂಗೈ ನೋಡಿ, ನನ್ನ ಕಡೆ ತಿರುಗಿ, "ಒಳ್ಳೆ ಕೈ ಸಾರ್" ಎಂದರು. ನನಗೆ ಹೋದ ಜೀವ ಬಂದಂತಾಗಿತ್ತು. ಕೀಬೋರ್ಡ್ ಕುಟ್ಟುವ ನನ್ನ ಮೆತ್ತನೆ ಅಂಗೈ ನೋಡಿ ಅವರು ಒಮ್ಮೆಯೂ ಏನೂ ಹೇಳಿರಲಿಲ್ಲ ಎಂಬುದು ಮನೆ ಸೇರುವವರೆಗೂ ನೆನಪಾಗಲಿಲ್ಲ.