ಮೀನುಬುಟ್ಟಿಯ ಐಸು

ಫಿಲ್ಮ್ ತೊಳೆಯುವುದಕ್ಕೆ ಹೊನ್ನಾವರದ ಮೇ ತಿಂಗಳು ಒಳ್ಳೆಯದಲ್ಲ. ತೊಳೆಯುವ ದ್ರಾವಣ, ಡೆವಲಪರ್, ಇಪ್ಪತ್ತು ಡಿಗ್ರಿಯಲ್ಲಿರಬೇಕು. ನಮ್ಮ ನಲ್ಲಿಯ ನೀರೇ ಮೂವತ್ತು ದಾಟಿರುತ್ತದೆ. ಬಿಸಿಗೆ ಫಿಲ್ಮಿನ ಮೇಲಿನ ಪದರ ಮೆತ್ತಗಾಗಿ ಚಿತ್ರವೇ ಕೆಡಬಹುದು. ಬೇರೆ ರೀಲಾಗಿದ್ದರೆ ಮಳೆಗಾಲದವರೆಗೆ ಕಾಯುತ್ತಿದ್ದೆ. ಆದರೆ ಈ ರೀಲಿನ ಕೊನೆಯಲ್ಲಿ ನಮ್ಮ ಮನೆಗೆ ಮೀನು ತರುವ ಅಕ್ಕನ ದೋಣಿಯಿತ್ತು.

ಒಂದು ಸಂಜೆ ಹೊಳೆಯಾಚೆಯ ಕಾಸರಕೋಡಿನ ದಂಡೆಯಲ್ಲಿ ಅವಳೇ ಕರೆದು ತೋರಿಸಿದ್ದಳು. ಗಂಡ ತೀರಿಹೋದ ಮೇಲೆ ನೀರಿಗಿಳಿಯದ ಮರದ ದೋಣಿ. ಮರುದಿನ ಒಡೆಯುವವರು ಬರಲಿದ್ದರು.

"ಒಂದು ಫೋಟ ತೆಗಿರಾ ಅಮ್ಮ. ಆ ತಗಡಿನ ತೇಪೆ ಬರೂ ಹಂಗೆ. ಅದು ಅವ್ರೇ ಹೊಡದದ್ದು."

ಮೊಬೈಲು ಮನೆಯಲ್ಲಿತ್ತು. ಹೆಗಲಿನ ಹಳೆಯ ಕ್ಯಾಮೆರಾದಲ್ಲಿ ಉಳಿದಿದ್ದದ್ದು ಒಂದೇ ಚಿತ್ರ. ತೆಗೆದೆ. ದೋಣಿ ಸೌದೆಯಾಯಿತು. ಅಂದಿನಿಂದ ಬಂಗಡೆ ಎಣಿಸಿ ಹಾಕುವಾಗೆಲ್ಲ ಅವಳದ್ದು ಒಂದೇ ಪ್ರಶ್ನೆ: "ಎಂತ ಆತು?"

ಕೊನೆಗೊಂದು ಬೆಳಿಗ್ಗೆ ಕಿಟಕಿಯಿಲ್ಲದ ಬಚ್ಚಲಲ್ಲಿ ಬಾಗಿಲ ಸಂದಿಗೆ ಟವೆಲು ತುರುಕಿ ಕುಳಿತೆ. ಆ ಕತ್ತಲಲ್ಲಿ ಕಣ್ಣು ತೆರೆದರೂ ಮುಚ್ಚಿದರೂ ಒಂದೇ. ಬೆರಳಿಗೆ ಮಾತ್ರ ಎಚ್ಚರ. ಫಿಲ್ಮನ್ನು ಸುರುಳಿಗೆ ಸುತ್ತಿ ಬೆಳಕು ನುಗ್ಗದ ಡಬ್ಬಿಯಲ್ಲಿಟ್ಟು ಹೊರಗೆ ಬಂದರೆ ಕರೆಂಟಿಲ್ಲ, ಫ್ರಿಜ್ಜಿನ ಐಸೆಲ್ಲ ನೀರು. ಅಷ್ಟರಲ್ಲಿ ಗೇಟಿನ ಸದ್ದಾಯಿತು.

"ಮೀನು ಬೇಡ ಅಕ್ಕ, ಐಸು ಬೇಕು."

"ಒಳ್ಳೇ ಗಿರಾಕಿ! ನಾಳೆ ಬುಟ್ಟಿ ತೊಳ್ದ ನೀರು ಸಾಕು ಅಂಬ್ರಿ."

"ನಿನ್ನ ದೋಣಿಗೇ ಬೇಕಾದ್ದು."

ಅವಳ ನಗು ನಿಂತಿತು. ಬುಟ್ಟಿಯ ತಳದ ಚೂರನ್ನೂ ಬಿಡದೆ ನನ್ನ ಬಕೆಟ್ಟಿಗೆ ಸುರಿದಳು.

"ಮೀನು ಹಾಳಾಗ್ತದಲ್ಲ?"

"ಬೇಗ ಮಾರ್ತೆ ತಗಣಿ" ಎಂದವಳು ಬುಟ್ಟಿ ಹೊತ್ತು ಓಡುವಂತೆಯೇ ಹೋದಳು.

ಡೆವಲಪರಿನ ಬಾಟಲಿಯನ್ನು ಆ ಐಸಿನಲ್ಲಿ ಹೂತೆ. ಬಚ್ಚಲೆಲ್ಲ ಬಂಗಡೆಯ ವಾಸನೆ. ಥರ್ಮಾಮೀಟರಿನ ಪಾದರಸ ಒಂದೊಂದೇ ಗೆರೆ ಇಳಿಯುತ್ತ ಇಪ್ಪತ್ತಕ್ಕೆ ಬಂತು. ದ್ರಾವಣವನ್ನು ಡಬ್ಬಿಗೆ ಹೊಯ್ದು ಮೆಲ್ಲನೆ ತಿರುಗಿಸತೊಡಗಿದೆ. ಕಾನ್ವೆಂಟಿನಲ್ಲಿ ಈ ಕೆಲಸ ಕಲಿಸಿದ ಸಿಸ್ಟರ್ ಗಡಿಯಾರ ನೋಡುತ್ತಿರಲಿಲ್ಲ. ಪಿಸುದನಿಯಲ್ಲಿ ಮೂರು ಸಲ 'ಹೇಲ್ ಮೇರಿ' ಪ್ರಾರ್ಥನೆ ಹೇಳಿದರೆ ಅವರಿಗೆ ಒಂದು ನಿಮಿಷ. ದೇವರಕೋಣೆಯ ಮಗ್ಗುಲ ಬಚ್ಚಲಲ್ಲಿ ನಾನೂ ಹಾಗೆಯೇ ಎಣಿಸಿದೆ. ಎಲ್ಲೋ ದೂರದಲ್ಲಿ, ನೀರಿನಡಿಯಲ್ಲಿ, ದೋಣಿಯೊಂದು ನಿಧಾನ ಮೇಲೇಳುತ್ತಿರುವಂತೆ ಅನಿಸುತ್ತಿತ್ತು. ಆಮೇಲೆ ಚಿತ್ರವನ್ನು ನಿಲ್ಲಿಸುವ ಫಿಕ್ಸರ್, ಆಮೇಲೆ ನೀರು. ಬಟ್ಟೆಯ ಕ್ಲಿಪ್ಪಿಗೆ ಸಿಕ್ಕಿಸಿ ನೇತುಹಾಕಿದೆ. ಹೆದರಿಕೆಯಿಂದ ಸಂಜೆಯವರೆಗೂ ಹತ್ತಿರ ಹೋಗಿ ನೋಡಲಿಲ್ಲ.

ಮರುದಿನ ಅವಳು ಸೆರಗಿಗೆ ಕೈ ಒರೆಸಿ, ಒರೆಸಿ, ಹೇಳಿಕೊಟ್ಟಂತೆ ಅಂಚನ್ನಷ್ಟೇ ಹಿಡಿದು, ಆ ನೆಗೆಟಿವ್ ಪಟ್ಟಿಯನ್ನು ಆಕಾಶಕ್ಕೆ ಎತ್ತಿದಳು.

"ಎಲ್ಲಾ ಉಲ್ಟಾ ಅಲ್ದಾ? ನೀರು ಕಪ್ಪು, ದೋಣಿ ಬೆಳ್ಳಗೆ."

"ಪ್ರಿಂಟ್ ಹಾಕಿಸಿದರೆ ಸರಿಯಾಗ್ತದೆ ಅಕ್ಕ."

ಅವಳಿಗೆ ಕೇಳಿಸಿದಂತಿರಲಿಲ್ಲ. ಅಂಚೆಚೀಟಿಯಷ್ಟು ಚಿತ್ರದಲ್ಲಿ ಹುಡುಕುತ್ತಿದ್ದಳು. ಬಿಸಿಲಿಗೆ ಹೊಳೆದಿದ್ದ ತಗಡು ಈಗ ಸಾಸಿವೆಯಷ್ಟು ಕಪ್ಪು ಚುಕ್ಕೆ. ನಾನು ತೋರಿಸುವ ಮೊದಲೇ ಅದು ಅವಳಿಗೆ ಸಿಕ್ಕಿತು.

"ಇದೆ" ಎಂದಳು. "ಅವ್ರು ನಸುಕಿಗೆ ಹೊರಡೂ ಹೊತ್ತು ಹಿಂಗೇ ಇರ್ತಿತ್ತು ಅಮ್ಮ. ಕಪ್ಪು ನೀರು. ನಾನು ದಂಡೆ ಮೇಲೆ."

ಗೇಟಿನ ಹೊರಗೆ ಪಕ್ಕದ ಮನೆಯಾಕೆ ಪಾತ್ರೆ ಬಡಿದು ಮೀನಿಗೆ ಕೂಗಿದರು. ಅಕ್ಕ ಪಟ್ಟಿಯಿಂದ ಕಣ್ಣು ಕೀಳದೆಯೇ ಹೇಳಿದಳು:

"ತಡೀರಾ ಮಾರಾಯ್ತಿ. ದೋಣಿ ಹೊರಟದೆ."