ಬೀಗ ಹಾಕುತ್ತಿದ್ದ ಎದುರುಮನೆ ಆಂಟಿ

ಎದುರುಮನೆ ಆಂಟಿ ನಡೆದರೆ ಸೊಂಟದಲ್ಲಿ ಬೀಗದಕೈಗಳ ಗೊಂಚಲು ಝಣಗುಡುತ್ತಿತ್ತು. ಅದರಲ್ಲಿ ಅವರದು ಒಂದೇ. ಉಳಿದವೆಲ್ಲ ಕಾಗದನಗರದ ನಮ್ಮ ಬೀದಿಯ ಹೆಂಗಸರವು. ಊರಿನ ಕಾಗದದ ಕಾರ್ಖಾನೆ ನಿಂತ ಮೇಲೆ ಎಲ್ಲರೂ ಗುಂಪು ಕಟ್ಟಿಕೊಂಡು ಫೈನಾನ್ಸ್‌ ಸಾಲ ತೆಗೆದಿದ್ದರು. ಒಂದರ ಕಂತು ಕಟ್ಟಲು ಇನ್ನೊಂದು ಕಡೆ ಸಾಲ. ಮಂಗಳವಾರ ಫೈನಾನ್ಸ್‌ನವರು ವಸೂಲಿಗೆ ಬರುವ ಹೊತ್ತಿಗೆ, ಕಂತು ಹೊಂದಿಸಲಾಗದವರು ಒಳಗೆ ಕೂರುವುದು, ಆಂಟಿ ಹೊರಗಿನಿಂದ ಬೀಗ ಜಡಿಯುವುದು. "ಕುಂಸಿಗೆ ಹೋಗಿದಾರೆ" ಎಂದು, ಹಣೆ ತುಂಬ ವಿಭೂತಿ ಇಟ್ಟುಕೊಂಡೇ ಸುಳ್ಳು ಹೇಳುತ್ತಿದ್ದರು. ಅಷ್ಟು ಜನ ನಿಜವಾಗಿ ಹೋಗಿದ್ದರೆ ಪಾಪ, ಕುಂಸಿಯಲ್ಲಿ ನಿಲ್ಲಲು ಜಾಗ ಇರುತ್ತಿರಲಿಲ್ಲ.

ಒಂದು ಮಂಗಳವಾರ ಬೀಗದೊಳಗೆ ನಾನೂ ಅಮ್ಮನೂ ಇದ್ದೆವು. ವಸೂಲಿಯವನು ಅವತ್ತು ಹೋಗಲಿಲ್ಲ. ಜಗಲಿಯ ಮೇಲೆ ಕೂತೇಬಿಟ್ಟ. ಅಮ್ಮನಿಗೆ ಶುಗರ್. ಮಾತ್ರೆ ನುಂಗಿದ್ದಳು, ತಟ್ಟೆ ಸದ್ದಾದೀತೆಂದು ಊಟ ಬಿಟ್ಟಿದ್ದಳು. ಮಧ್ಯಾಹ್ನ ಬೆವೆತು ಗೋಡೆಗೆ ಒರಗಿದವಳು, ನಾನು ನಾಲಿಗೆಗೆ ಸಕ್ಕರೆ ಹಚ್ಚಿದರೂ ಕಣ್ಣು ಬಿಡಲಿಲ್ಲ. ಮಾನ ಮರ್ಯಾದೆ ಬಿಟ್ಟು ಕಿಟಕಿಯಿಂದ ಆಂಟಿಯನ್ನು ಕೂಗಿದೆ.

ಆಂಟಿ ಅವನೆದುರೇ ಬೀಗ ತೆಗೆದರು. "ನಾನೇ ಹಾಕಿದ್ದು. ಬೈಯೋದಿದ್ರೆ ಆಮೇಲೆ ಬೈಯಪ್ಪ. ಈಗ ಕಾಲು ಹಿಡ್ಕೊ, ಆಟೋಗೆ ಎತ್ತಣ" ಎಂದರು. ಅವನು ಎದ್ದು ಬಂದು ಹಿಡಿದ.

ಅಮ್ಮ ಉಳಿದಳು. ಮರುದಿನ ಆಂಟಿ ಮನೆಮನೆಗೂ ಹೋಗಿ ಬೀಗದಕೈ ಹಿಂದಿರುಗಿಸಿದರು. ನಮ್ಮಮ್ಮನ ಕೈ ಹಿಡಿದು, "ನನ್ನ ಕೈಯಾರೆ ನಿನ್ನ ಕೊಂದುಬಿಡ್ತಿದ್ದೆ ಮಾರಾಯ್ತಿ. ಇನ್ಮೇಲೆ ಬಾಗಿಲು ತೆಗೆದಿಡು. ನಾವೆಲ್ಲ ಬಂದು ಜೊತೇಲಿ ಕೂರ್ತೀವಿ" ಎಂದರು.

ಹೇಳಿದಂತೆ ಮಾಡಿದರು. ಯಾರ ಕಂತು ತಪ್ಪಿದೆಯೋ ಅವರ ಜಗಲಿಯ ತುಂಬ ಹೆಂಗಸರು, ಹೂ ಕಟ್ಟುತ್ತಲೋ ಸೊಪ್ಪು ಬಿಡಿಸುತ್ತಲೋ ಕೂತಿರುತ್ತಿದ್ದರು. ವಸೂಲಿಯವರ ದನಿ ತಾನಾಗಿ ತಗ್ಗಿತು. ಸಾಲ ತೀರಿಸಲು ಹೊಸ ಸಾಲ ಎತ್ತುವುದಿಲ್ಲವೆಂದು ಆಂಟಿ ಎಲ್ಲರಿಂದ ಮಾತು ತೆಗೆದುಕೊಂಡರು. ಇಬ್ಬರು ಮುನಿಸಿಕೊಂಡು ಗುಂಪು ಬಿಟ್ಟರು. ಉಳಿದವರು ಬಸ್ಸು ಹತ್ತಿ ಶಿವಮೊಗ್ಗಕ್ಕೆ ಹೋಗಿ, ಸವಳಂಗ ರಸ್ತೆಯ ಫೈನಾನ್ಸ್‌ ಕಚೇರಿಯ ಮೆಟ್ಟಿಲ ಮೇಲೆ ಕೂತರು. ಮ್ಯಾನೇಜರ್ ಹೊರಗೆ ಬಂದು ಲೀಡರ್ ಯಾರೆಂದು ಕೇಳಿದ.

"ಲೀಡರ್ ಗೀಡರ್ ಯಾರೂ ಇಲ್ಲ ಸಾರ್, ಎಲ್ರೂ ಸಾಲಗಾರರೇ. ಕೊಡಲ್ಲ ಅಂತಿಲ್ಲ. ಕಂತು ಸಣ್ಣದು ಮಾಡಿ, ಕೊಡ್ತೀವಿ" ಎಂದರು ಆಂಟಿ.

ಮಾಡಿಕೊಡುವವರೆಗೂ ಅವರು ಏಳಲಿಲ್ಲ.

ಹೋದ ವರ್ಷ ಆಂಟಿ ತೀರಿಕೊಂಡರು. ನನ್ನಮ್ಮ ಇನ್ನೂ ಇರುವುದು ಅವರಿಂದ. ಅಷ್ಟು ದೊಡ್ಡ ಉಪಕಾರಕ್ಕೆ ನಾನು ಮಾಡಿದ್ದು ಒಂದು ಹಿಡಿ ಮಣ್ಣು ಹಾಕಿದ್ದಷ್ಟೇ. ಅವತ್ತೂ ಮಂಗಳವಾರ. ಮಣ್ಣು ಮಾಡಿ ಬಂದು ಸ್ನಾನಕ್ಕೆ ನೀರು ಕಾಯಿಸುವಾಗ ವಸೂಲಿಗೆ ಹೊಸಬನೊಬ್ಬ ಬಂದ. ಅಮ್ಮ ಅತ್ತ ಮುಖದಲ್ಲೇ ಬಾಗಿಲಿಗೆ ಹೋಗಿ ನಿಂತಳು.

"ಇವತ್ತು ಆಗಲ್ಲಪ್ಪ. ನಾಳೆ ಬಾ. ನಾನು ಮನೇಲೇ ಇರ್ತೀನಿ."