ನಿಂಬೆಹಣ್ಣು ಹಿಡಿದ ಕೈ

ಇವತ್ತು ಆಯುಧಪೂಜೆ. ಗರಾಜಿನಿಂದ ಅವ್ವ ಹಣ್ಣು ಕೀಳುತ್ತಿದ್ದ ಉದ್ದನೆಯ ದೋಟಿ ತಂದು ಒರೆಸುತ್ತಿದ್ದೆ. ಅದರ ತುದಿಯ ಕೊಕ್ಕೆಗೆ ಇನ್ನೂ ನಿಂಬೆಯ ವಾಸನೆ ಇದೆ ಅಂದರೆ ನೀವು ನಂಬಲಿಕ್ಕಿಲ್ಲ. ನನ್ನ ಗಂಡನೂ ನಂಬುವುದಿಲ್ಲ. ಬಿಡಿ, ಮೂಗು ನನ್ನದು.

ಧಾರವಾಡದಿಂದ ಕಡಲು ದಾಟಿ ಬಂದು ಡ್ಯಾನ್‌ವಿಲ್‌ನ ನಮ್ಮ ಮನೆ ಸೇರಿದ ಅವ್ವನಿಗೆ ಇಲ್ಲಿ ಮೊದಲು ಹಿಡಿಸಿದ್ದು ಹಿತ್ತಲಿನ ನಿಂಬೆ ಗಿಡ. ಆಮೇಲೆ ಪಕ್ಕದ ಮನೆಯ ಮಾರ್ಕೋ. ಅವನ ತಾಯಿ ನರ್ಸು. ಅವಳ ಶಿಫ್ಟು ಮುಗಿಯುವವರೆಗೆ ಹುಡುಗ ನಮ್ಮಲ್ಲೇ. ಅವನಿಗೆ ಕನ್ನಡ ಬಾರದು, ಅವ್ವನಿಗೆ ಇಂಗ್ಲಿಷು ಬಾರದು, ಆದರೂ ಇಬ್ಬರೂ ಸಂಜೆಯವರೆಗೆ ಜಗಳಾಡುತ್ತಿದ್ದರು. ಹೇಗೆ ಅಂತ ನನ್ನನ್ನು ಕೇಳಬೇಡಿ.

ಅವ್ವ ದೋಟಿಯಿಂದ ಹಣ್ಣು ಕೀಳುವಾಗ ಕೆಳಗೆ ನಿಂತು ಹಿಡಿಯುವ ಕೆಲಸ ಅವನದು. ನೆಲಕ್ಕೆ ಬಿದ್ದು ಪೆಟ್ಟಾದ ಹಣ್ಣು ಇಡೀ ಉಪ್ಪಿನಕಾಯಿಯನ್ನೇ ಕೆಡಿಸುತ್ತದೆ ಎಂಬುದು ಅವಳ ನಂಬಿಕೆ. "ಎರಡೂ ಕೈ ಹಚ್ಚೋ ಮಾರ್ಕ್ಯಾ! ಎದಿಗೆ ತಗೋ!" ಎಂದು ಕೂಗುತ್ತಿದ್ದಳು. ಬೇಸ್‌ಬಾಲ್‌ನಲ್ಲೂ ಅವನದು ಅದೇ ಕೆಲಸ: ಮೈದಾನದ ತೀರ ಹಿಂದೆ ನಿಂತು ಎತ್ತರದ ಚೆಂಡು ಹಿಡಿಯುವುದು. "ಬೌಂಡರಿ ಫೀಲ್ಡರು, ಅಷ್ಟೇ" ಎಂದು ಅವ್ವನಿಗೆ ವಿವರಿಸಿ, ಆಟ ಪೂರ್ತಿ ತಿಳಿದವಳಂತೆ ನಾನು ಬೀಗುತ್ತಿದ್ದೆ.

ಒಂದು ವರ್ಷ ಆಯುಧಪೂಜೆಯ ದಿನವೇ ಅವನಿಗೆ ದೊಡ್ಡ ಹುಡುಗರ ತಂಡದ ಆಯ್ಕೆ. ಬೇಸಿಗೆಯೆಲ್ಲ ಅದೇ ಜಪ ಮಾಡಿದ್ದ ಹುಡುಗ, ಹಿಂದಿನ ಸಂಜೆ ಚೆಂಡು ಹಿಡಿಯುವ ತೊಗಲಿನ ಗ್ಲೌಸನ್ನು ನಮ್ಮ ಸೋಫಾದ ಮೇಲೆ ಬಿಟ್ಟುಹೋಗಿದ್ದ. ಅವ್ವ ಏನು ಮಾಡಿದಳು ಹೇಳಿ? ಈಳಿಗೆ, ಕತ್ತರಿ, ನನ್ನ ಲ್ಯಾಪ್‌ಟಾಪಿನ ಜೊತೆ ಅದನ್ನೂ ದೇವರ ಮುಂದಿಟ್ಟು, ಕುಂಕುಮ ಹಚ್ಚಿ, ಆರತಿ ಎತ್ತಿದ್ದಳು. ಅವನು ಓಡಿಬಂದು ಕೈ ಚಾಚಿದರೆ, "ಮುಟ್ಟಂಗಿಲ್ಲ!"

"ಅವ್ವಾ, ಇವತ್ತ ಅವಂದು ಸೆಲೆಕ್ಷನ್ ಅದ. ಪಾಪ, ಕೊಟ್ಟುಬಿಡ" ಎಂದೆ.

"ಪೂಜಿಗೆ ಇಟ್ಟದ್ದು ನಾಳೆ ಮುಂಜಾನಿತನಕ ತಗ್ಯೂದಿಲ್ಲ. ಅವನ ಕೈಗೇನಾಗ್ಯದ?"

ಅವ್ವನ ಹಟ ನನಗೆ ಗೊತ್ತಿಲ್ಲವೇ! ಪುಣ್ಯಕ್ಕೆ ಕಾರಿನ ಪೂಜೆ ಇನ್ನೂ ಆಗಿರಲಿಲ್ಲ. ಅಳುವ ಹುಡುಗನನ್ನೂ ಬಿಗಿದ ಮುಖದ ಅವ್ವನನ್ನೂ ಕೂರಿಸಿಕೊಂಡು ಮೈದಾನಕ್ಕೆ ಹೋದೆ. ಮಾರ್ಕೋ ಎಡಚ. ಅಲ್ಲಿ ಯಾರೋ ಕೊಟ್ಟ ಗ್ಲೌಸು ಬಲಗೈಯಲ್ಲಿ ಎಸೆಯುವವರದ್ದು, ಎಡಗೈಗೆ ತೊಡುವಂಥದ್ದು. ಅವನ ಕೈಗೆ ಕೂರಲೇ ಇಲ್ಲ. ಮೊದಲ ಚೆಂಡು ಬಿತ್ತು. ಇನ್ನೊಂದೂ ಬಿತ್ತು. ಕೋಚು ಅಡ್ಡಡ್ಡ ತಲೆಯಾಡಿಸಿದ. ಕೊನೆಯ ಚೆಂಡು ಮೇಲೇರಿತು. ಹುಡುಗ ಆ ಗ್ಲೌಸನ್ನು ಕಿತ್ತು ಬಿಸಾಕಿದ. "ಎರಡೂ ಕೈ ಹಚ್ಚೋ!" ಬೇಲಿ ಹಿಡಿದು ಅವ್ವ ಕಿರುಚಿದಳು. ಅವನು ಓಡಿ, ಬರಿಗೈಯಲ್ಲಿ ಹಿಡಿದು ಎದೆಗೊತ್ತಿಕೊಂಡ, ನಿಂಬೆಹಣ್ಣನ್ನು ಹಿಡಿದ ಹಾಗೆಯೇ. ಕೋಚು ನಕ್ಕ, ಹತ್ತಿರ ಕರೆದ, ಇನ್ನಷ್ಟು ಚೆಂಡು ಹೊಡೆಸಿ ನೋಡಿದ. ಹುಡುಗ ತಂಡ ಸೇರಿದ.

ಆಮೇಲೆ ಹೈಸ್ಕೂಲು, ಕಾಲೇಜು, ಸಣ್ಣ ಊರುಗಳ ತಂಡಗಳಲ್ಲಿ ಬಸ್ಸಿನಲ್ಲೇ ಕಳೆದ ವರ್ಷಗಳು. ಎಲ್ಲಿಂದಲಾದರೂ ಫೋನು ಮಾಡುತ್ತಿದ್ದ. ಅವ್ವನದು ಒಂದೇ ಪ್ರಶ್ನೆ: "ಬೀಳ್ಲಿಲ್ಲಲ್ಲಾ?"

ದೊಡ್ಡ ಲೀಗು ಅವನನ್ನು ಕರೆದದ್ದು ಈ ಬೇಸಿಗೆಯಲ್ಲಿ. ನೋಡಲು ಅವ್ವ ಇರಲಿಲ್ಲ. ಮೊದಲ ಆಟದಲ್ಲಿ ಅವನು ಚೆಂಡು ಹಿಡಿದು, ಗ್ಲೌಸಿನ ಮೇಲೆ ಇನ್ನೊಂದು ಕೈಯನ್ನೂ ಮುಚ್ಚಿ ಎದೆಗೆ ತಂದುಕೊಂಡಾಗ ಅಷ್ಟು ಜನರ ನಡುವೆ ನಾನು ಗೊಳೋ ಎಂದು ಅತ್ತೆ. ಅವನು ನಮ್ಮನ್ನು ಮರೆತಿಲ್ಲ ಎಂದು ಎಲ್ಲರೂ ಹೊಗಳುತ್ತಾರೆ. ನಾನು ಆಫೀಸಿಗೆ ಹೋದಾಗ ನನ್ನ ಅವ್ವ ಒಬ್ಬಳೇ ಆಗದಂತೆ ನೋಡಿಕೊಂಡವನು ಅವನು. ಋಣ ನಮ್ಮದು.

ದೋಟಿಯನ್ನು ದೇವರ ಮುಂದಿಡುವಷ್ಟರಲ್ಲಿ ಬೆಲ್ಲಾಯಿತು. ಬಾಗಿಲಲ್ಲಿ ಮಾರ್ಕೋ, ಕೈಯಲ್ಲಿ ಗ್ಲೌಸು. ನೆಟ್ಟಗೆ ಒಳಗೆ ಬಂದು ಅದನ್ನು ದೋಟಿಯ ಕೊಕ್ಕೆಯ ಕೆಳಗಿಟ್ಟ.

"ಸಂಜೆ ಆಟ ಇದೆಯಲ್ಲೋ, ಕುಂಕುಮ ಹಚ್ಚಿ ಕೊಡ್ತೀನಿ, ತಗೊಂಡ್ಹೋಗು" ಎಂದು ಕೈ ಚಾಚಿದೆ.

"ಮುಟ್ಟಂಗಿಲ್ಲ, ಆಂಟಿ" ಎಂದ, ಅವ್ವನದೇ ದನಿಯಲ್ಲಿ. ಮೈದಾನದ ಲಾಕರಿನಲ್ಲಿ ಇನ್ನೊಂದು ಗ್ಲೌಸು ಇದೆಯಂತೆ.

ಅವನು ಹೋದ ಮೇಲೆ ಹಿತ್ತಲಿಂದ ಒಂದು ನಿಂಬೆಹಣ್ಣು ತಂದು, ನೆಲಕ್ಕೆ ಬೀಳದಂತೆ, ಆ ಗ್ಲೌಸಿನ ಅಂಗೈಯಲ್ಲಿಟ್ಟೆ.